ಕರ್ಕ್ಯುಮಿನ್, ಗ್ರೀನ್ ಟೀ ಸತ್ವ: ಗಡ್ಡೆಯ ರಕ್ತನಾಳ ನಿಜಕ್ಕೂ ನಿಲ್ಲುತ್ತಾ?

ತಿಳಿನೀರು
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಲಿವರ್‌ಗೂ ಹರಡಿದೆ. ಕೀಮೋ ನಡೆಯುತ್ತಿದೆ, ಅದರಲ್ಲಿ ಇರಿನೊಟೆಕಾನ್ ಇದೆ. ಜೊತೆಗೆ ಬೆವಾಸಿಜುಮ್ಯಾಬ್ ಅನ್ನೋ ಔಷಧಿಯನ್ನೂ ಡ್ರಿಪ್‌ನಲ್ಲಿ ಕೊಡುತ್ತಾರೆ. ಗಡ್ಡೆಗೆ ಹೊಸ ರಕ್ತನಾಳ ಬೆಳೆಯದ ಹಾಗೆ ಅದು ತಡೆಯುತ್ತದೆ ಅಂತ ಡಾಕ್ಟರ್ ಹೇಳಿದ್ದಾರೆ.

ಈಗ ಸಂಬಂಧಿಕರೊಬ್ಬರು ಅರಿಶಿನದಲ್ಲಿರುವ ಕರ್ಕ್ಯುಮಿನ್‌ನ ಕ್ಯಾಪ್ಸೂಲ್, ಗ್ರೀನ್ ಟೀ ಸತ್ವದ ಮಾತ್ರೆ ಎರಡನ್ನೂ ತಂದುಕೊಟ್ಟಿದ್ದಾರೆ. "ಇವೂ ಅದೇ ಕೆಲಸ ಮಾಡುತ್ತವೆ, ಗಿಡದ್ದು, ತೊಂದರೆ ಇಲ್ಲ" ಅನ್ನುತ್ತಾರೆ. ಸುಳ್ಳಿರಬೇಕು ಅಂತ ನೆಟ್‌ನಲ್ಲಿ ಹುಡುಕಿದೆ. ನೋಡಿದರೆ ಇದರ ಮೇಲೆ ಸಂಶೋಧನೆ ರಾಶಿ ರಾಶಿ ಇದೆ! ಅರಿಶಿನ, ಸೋಯಾ, ಅಶ್ವಗಂಧ, ದ್ರಾಕ್ಷಿ ಸಿಪ್ಪೆ, ಎಲ್ಲವೂ ರಕ್ತನಾಳ ಬೆಳೆಯೋದನ್ನು ತಡೆಯುತ್ತವಂತೆ. ಹಾಗಿದ್ದರೆ ಡಾಕ್ಟರ್‌ಗಳು ಯಾಕೆ ಕೊಡುವುದಿಲ್ಲ? ಎರಡನ್ನೂ ಒಟ್ಟಿಗೆ ತಗೊಂಡರೆ ಲಾಭ ಜಾಸ್ತಿ ಆಗುತ್ತಾ? ಚಿಕ್ಕಮ್ಮ ಇನ್ನೂ ಶುರು ಮಾಡಿಲ್ಲ. ನೀನು ಓದಿ ಹೇಳು ಅಂತ ಕಾಯುತ್ತಿದ್ದಾರೆ.

ಮೂರನೇಸಾಲು
ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಕೊಡಬೇಡಿ. ಮಿಕ್ಕ ಚರ್ಚೆ ಆಮೇಲೆ.

ಬೇರುಬಿಳಲು
ಡಾಕ್ಟರನ್ನು ಕೇಳಬೇಕು, ಒಪ್ಪಿದೆ. ಆದರೆ ಅವರು ಕೇಳುವುದು ಔಷಧಿಯ ಬಗ್ಗೆ ಮಾಹಿತಿ, ಬರೀ ಎಚ್ಚರಿಕೆ ಅಲ್ಲ. ಅವರು ಓದಿದ್ದು ಸುಳ್ಳಲ್ಲ ತಾನೇ? 1993ರಲ್ಲೇ ಸೋಯಾದ ಜೆನಿಸ್ಟೀನ್ ರಕ್ತನಾಳ ಬೆಳೆಯುವುದನ್ನು ತಡೆಯುತ್ತದೆ ಅಂತ ಬಂದಿದೆ. ಅದನ್ನು ಕಂಡುಹಿಡಿದದ್ದು ಎಲ್ಲಿಂದ ಗೊತ್ತಾ? ಸೋಯಾ ಜಾಸ್ತಿ ತಿನ್ನುವ ಜನರ ಮೂತ್ರದಿಂದ. ಅಂದರೆ ಅದು ದೇಹದೊಳಗೆ ಹೋಗಿ, ಸುತ್ತಾಡಿ, ಹೊರಬಂದಿತ್ತು. 1999ರಲ್ಲಿ ನೇಚರ್ ಪತ್ರಿಕೆಯಲ್ಲಿ ಗ್ರೀನ್ ಟೀ ಬಗ್ಗೆ ಬಂತು. ಇಲಿಗಳಿಗೆ ನೀರಿನ ಬದಲು ಗ್ರೀನ್ ಟೀ ಕುಡಿಸಿದರು, ಅಷ್ಟೇ. ಕಣ್ಣಿನಲ್ಲಿ ಹೊಸ ರಕ್ತನಾಳ ಬೆಳೆಯುವುದು ಕಡಿಮೆಯಾಯಿತು. ಇದನ್ನೆಲ್ಲ "ಮನೆಮದ್ದು" ಅಂತ ತಳ್ಳಿಹಾಕುವುದು ನ್ಯಾಯವಲ್ಲ.

ಗಾಜಿನತಟ್ಟೆ
ನಾನು ಕೆಲವು ವರ್ಷ ಇದೇ ವಿಷಯದ ಲ್ಯಾಬ್‌ನಲ್ಲಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಗಡ್ಡೆಗೆ ರಕ್ತನಾಳ ಯಾಕೆ ಬೇಕು ಅನ್ನೋದು. ರಕ್ತನಾಳದಿಂದ ಆಮ್ಲಜನಕ ಸುತ್ತಲಿನ ಕೋಶಗಳಿಗೆ ಹೋಗುವುದು ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗದಿಂದ ಐದನೇ ಒಂದು ಭಾಗದಷ್ಟು ದೂರ ಮಾತ್ರ. ಅದಕ್ಕೇ ಗಡ್ಡೆ ಒಂದೆರಡು ಮಿಲಿಮೀಟರ್ ದಾಟಬೇಕಾದರೆ ಸ್ವಂತ ರಕ್ತನಾಳ ಬೇಕೇ ಬೇಕು. ಈ ಮಾತನ್ನು 1971ರಲ್ಲಿ ಜುಡಾ ಫೋಕ್‌ಮನ್ ಅನ್ನುವ ಅಮೆರಿಕದ ಸರ್ಜನ್ ಗಟ್ಟಿಯಾಗಿ ಹೇಳಿದರು. ಉಸಿರುಗಟ್ಟಿದ ಕೋಶ ವಿಇಜಿಎಫ್ ಅನ್ನುವ ಪ್ರೋಟೀನನ್ನು ಹೊರಗೆ ಬಿಡುತ್ತದೆ. ಅದು ಹತ್ತಿರದ ರಕ್ತನಾಳಕ್ಕೆ "ಈ ಕಡೆ ಕವಲೊಡೆ" ಅಂತ ಹೇಳುವ ಸಂಕೇತ. ಚಿಕ್ಕಮ್ಮನ ಬೆವಾಸಿಜುಮ್ಯಾಬ್ ಆ ವಿಇಜಿಎಫ್ ಅನ್ನು ದಾರಿಯಲ್ಲೇ ಹಿಡಿದುಬಿಡುತ್ತದೆ.

ಈಗ ಗಿಡದ ಸಂಯುಕ್ತಗಳು. ಲ್ಯಾಬ್‌ನಲ್ಲಿ ಹೇಗೆ ನೋಡುತ್ತೇವೆ ಅಂದರೆ, ಹೊಕ್ಕುಳಬಳ್ಳಿಯ ರಕ್ತನಾಳದಿಂದ ತೆಗೆದ ಕೋಶಗಳನ್ನು ಮ್ಯಾಟ್ರಿಜೆಲ್ ಅನ್ನೋ ಮೆತ್ತನೆಯ ಪದರದ ಮೇಲೆ ಹಾಕುತ್ತೇವೆ. ಸಂಜೆ ಹಾಕಿದಾಗ ಅಲ್ಲೊಂದು ಇಲ್ಲೊಂದು ಗುಂಡಗೆ ಬಿದ್ದಿರುತ್ತವೆ. ಬೆಳಿಗ್ಗೆ ಮೈಕ್ರೋಸ್ಕೋಪ್ ಕೆಳಗೆ ನೋಡಿದರೆ ಒಂದಕ್ಕೊಂದು ಕೈಚಾಚಿ ಬಲೆ ಹೆಣೆದಿರುತ್ತವೆ. ಕರ್ಕ್ಯುಮಿನ್ ಸೇರಿಸಿದ ತಟ್ಟೆಯಲ್ಲಿ ಆ ಬಲೆ ತುಂಡು ತುಂಡಾಗಿರುತ್ತದೆ. ಕಣ್ಣಾರೆ ನೋಡಿದ್ದೇನೆ, ಸುಂದರವಾದ ಫಲಿತಾಂಶ. ಆದರೆ ಕೋಶಕ್ಕೆ ಸುಮ್ನೆ ಹುಷಾರು ತಪ್ಪಿಸುವ ಯಾವ ವಸ್ತು ಹಾಕಿದರೂ ಬಲೆ ತುಂಡಾಗುತ್ತದೆ! ರಕ್ತನಾಳವನ್ನೇ ಗುರಿ ಮಾಡಿ ತಡೆಯಿತಾ, ಇಲ್ಲಾ ಕೋಶವೇ ಸಾಯುತ್ತಿತ್ತಾ ಅಂತ ಬೇರ್ಪಡಿಸಿ ತೋರಿಸಬೇಕು. ಬಹಳ ಪೇಪರ್‌ಗಳು ಅದನ್ನು ಸರಿಯಾಗಿ ಮಾಡುವುದಿಲ್ಲ.

ಎರಡನೇ ಮಾತು, ಇದು ಮುಖ್ಯ. ತಟ್ಟೆಯಲ್ಲಿ ಕರ್ಕ್ಯುಮಿನ್ ಸಾಮಾನ್ಯವಾಗಿ 10 ಮೈಕ್ರೋಮೋಲಾರ್ ಆಸುಪಾಸಿನಲ್ಲಿ ಹಾಕುತ್ತಾರೆ. ಲೆಕ್ಕ ಹಾಕಿದರೆ ಒಂದು ಮಿಲಿಲೀಟರ್‌ಗೆ ಸುಮಾರು 3,700 ನ್ಯಾನೋಗ್ರಾಂ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದವರಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ಗಮನಿಸಿ, ಗ್ರಾಂ. ರಕ್ತದಲ್ಲಿ ಸಿಕ್ಕಿದ್ದು 22ರಿಂದ 41 ನ್ಯಾನೋಗ್ರಾಂ. ನೂರರಲ್ಲಿ ಒಂದು ಪಾಲು! ಅದರಲ್ಲೂ ಹೆಚ್ಚಿನದು ಲಿವರ್ ಮತ್ತು ಕರುಳು ಬದಲಾಯಿಸಿ ಹೊರಹಾಕಲು ಸಿದ್ಧ ಮಾಡಿದ ರೂಪದಲ್ಲಿತ್ತು.

ಹಗಲುಗನಸು
ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ಧನ್ಯವಾದ. ಆ ಅಧ್ಯಯನದಲ್ಲಿ ಯಾರಿಗಾದರೂ ಉಪಯೋಗ ಆಯಿತಾ?

ಗಾಜಿನತಟ್ಟೆ
ಫಲಿತಾಂಶ ಅಳೆಯಲು ಸಾಧ್ಯವಾದದ್ದು 21 ಜನರಲ್ಲಿ. ಇಬ್ಬರಲ್ಲಿ ಏನೋ ಪರಿಣಾಮ ಕಂಡಿತು. ಒಬ್ಬರ ಕಾಯಿಲೆ 18 ತಿಂಗಳಿಗೂ ಜಾಸ್ತಿ ಹಾಗೇ ನಿಂತಿತು, ಇನ್ನೊಬ್ಬರ ಗಡ್ಡೆ ಸ್ವಲ್ಪ ಕಾಲ ಕುಗ್ಗಿ ಮತ್ತೆ ಬೆಳೆಯಿತು. ಹೋಲಿಸಿ ನೋಡಲು ಕರ್ಕ್ಯುಮಿನ್ ಕೊಡದ ಇನ್ನೊಂದು ಗುಂಪು ಇರಲಿಲ್ಲ. ಹಾಗಾಗಿ ಇದರಿಂದಲೇ ಆಯಿತು ಅನ್ನಲೂ ಆಗುವುದಿಲ್ಲ, ಇಲ್ಲ ಅನ್ನಲೂ ಆಗುವುದಿಲ್ಲ.

ಬೇರುಬಿಳಲು
ರಕ್ತಕ್ಕೆ ಸೇರುವುದಿಲ್ಲ ಅನ್ನೋ ಮಾತಿಗೆ 1998ರಲ್ಲೇ ಉತ್ತರ ಸಿಕ್ಕಿದೆ ಅಲ್ವಾ? 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ ಬರೀ 20 ಮಿಲಿಗ್ರಾಂ ಕೊಟ್ಟರೆ ರಕ್ತಕ್ಕೆ ಸೇರುವ ಪ್ರಮಾಣ ಶೇಕಡ 2000 ಜಾಸ್ತಿಯಾಯಿತು. ಅದಕ್ಕೇ ಈಗಿನ ಕ್ಯಾಪ್ಸೂಲ್‌ಗಳಲ್ಲಿ ಪೈಪರಿನ್ ಇರುತ್ತದೆ. ತಿಳಿನೀರು ಅವರೇ, ಡಬ್ಬಿ ಮೇಲೆ ನೋಡಿ.

ತಿಳಿನೀರು
ನೋಡಿದೆ. ಹೌದು, ಹಿಂದುಗಡೆ ಸಣ್ಣ ಅಕ್ಷರದಲ್ಲಿ ಪೈಪರಿನ್ ಅಂತ ಇದೆ. ಎಷ್ಟು ಅಂತ ಬರೆದಿಲ್ಲ.

ಮಾತ್ರೆಡಬ್ಬಿ
ಫಾರ್ಮಸಿಸ್ಟ್ ಆಗಿ ಹೇಳುತ್ತಿದ್ದೇನೆ, ನನಗೆ ಭಯ ಆಗುವುದೇ ಆ ಸಣ್ಣ ಅಕ್ಷರ.

ಪೈಪರಿನ್ ಕರ್ಕ್ಯುಮಿನ್ನನ್ನು ರಕ್ತದಲ್ಲಿ ಉಳಿಸುವುದು ಹೇಗೆ? ಲಿವರ್ ಮತ್ತು ಕರುಳು ಬೇಡದ ವಸ್ತುವಿಗೆ ಒಂದು ಸಕ್ಕರೆ ಆಮ್ಲದ ತುಣುಕು ಅಂಟಿಸಿ ಹೊರಹಾಕುತ್ತವೆ. ಪೈಪರಿನ್ ಆ ಕೆಲಸವನ್ನು ನಿಧಾನ ಮಾಡುತ್ತದೆ. ಈಗ ಇರಿನೊಟೆಕಾನ್ ನೋಡಿ. ಅದು ದೇಹದೊಳಗೆ ಎಸ್‌ಎನ್-38 ಅನ್ನುವ ಪ್ರಬಲ ರೂಪಕ್ಕೆ ಬದಲಾಗುತ್ತದೆ. ಆ ಎಸ್‌ಎನ್-38 ಹೊರಹೋಗುವುದೂ ಇದೇ ಅಂಟಿಸುವ ದಾರಿಯಲ್ಲೇ. ಈ ದಾರಿ ಹುಟ್ಟಿನಿಂದಲೇ ನಿಧಾನ ಇರುವವರಿಗೆ ಇರಿನೊಟೆಕಾನ್ ಕೊಟ್ಟಾಗ ವಿಪರೀತ ಭೇದಿ, ಬಿಳಿ ರಕ್ತಕಣ ಕುಸಿತ ಆಗುವ ಅಪಾಯ ಜಾಸ್ತಿ. ಅಂಥವರಿಗೆ ಡಾಕ್ಟರ್‌ಗಳು ಡೋಸ್ ಇಳಿಸುವುದೂ ಉಂಟು. ಅಷ್ಟು ನಾಜೂಕಿನ ಜಾಗಕ್ಕೆ ಎಷ್ಟಿದೆ ಅಂತಲೇ ಬರೆಯದ ಪೈಪರಿನ್ ಹೋಗಿ ಕೂರುವುದು ನನಗೆ ಒಪ್ಪಿಗೆ ಇಲ್ಲ.

ತಿರುಗಾ ಮುರುಗಾ ಕೂಡ ಆಗಬಹುದು. ಸೇಂಟ್ ಜಾನ್ಸ್ ವರ್ಟ್ ಅಂತ ಒಂದು ಗಿಡ, ಮನಸ್ಸಿನ ಬೇಸರಕ್ಕೆ ತಗೊಳ್ಳುತ್ತಾರೆ. ಇರಿನೊಟೆಕಾನ್ ಜೊತೆ ಅದನ್ನು ತಗೊಂಡವರ ರಕ್ತದಲ್ಲಿ ಎಸ್‌ಎನ್-38 ಶೇಕಡ 42 ಕಡಿಮೆಯಾಯಿತು ಅಂತ 2002ರಲ್ಲಿ ತೋರಿಸಿದ್ದಾರೆ. ಅಂದರೆ ಕೀಮೋದ ಕಷ್ಟ ಅನುಭವಿಸಿಯೂ ಔಷಧಿ ಹತ್ತಿರ ಹತ್ತಿರ ಅರ್ಧ ಮಾತ್ರ ಸಿಕ್ಕಿದ ಹಾಗೆ.

ಬೇರುಬಿಳಲು
ಇದು ಗಂಭೀರವಾದ ಮಾತು. ಪೈಪರಿನ್ ಬೇಡ ಅಂತ ಒಪ್ಪೋಣ. ಗ್ರೀನ್ ಟೀ?

ಮಾತ್ರೆಡಬ್ಬಿ
ಕುಡಿಯುವ ಟೀ ಬೇರೆ, ಸತ್ವದ ಮಾತ್ರೆ ಬೇರೆ. ಸತ್ವದ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ (ಗ್ರೀನ್ ಟೀಯ ಮುಖ್ಯ ಸಂಯುಕ್ತ) ತಗೊಂಡರೆ ಲಿವರ್‌ಗೆ ಏಟು ಬೀಳುವ ಲಕ್ಷಣ ಕಾಣಿಸುತ್ತದೆ ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದೆ. ಇಲ್ಲಿ ಲಿವರ್‌ನಲ್ಲೇ ಕಾಯಿಲೆ ಇದೆ. ಅದೂ ಅಲ್ಲದೆ ಮೈಲೋಮಾ ಅನ್ನೋ ರಕ್ತದ ಕ್ಯಾನ್ಸರ್‌ಗೆ ಕೊಡುವ ಬೊರ್ಟೆಜೊಮಿಬ್ ಔಷಧಿಗೆ ಇಜಿಸಿಜಿ ನೇರವಾಗಿ ಅಂಟಿಕೊಂಡು ಅದರ ಕೆಲಸವನ್ನೇ ನಿಲ್ಲಿಸಿತು, ಲ್ಯಾಬ್‌ನಲ್ಲೂ ಇಲಿಗಳಲ್ಲೂ. ಚಿಕ್ಕಮ್ಮನಿಗೆ ಆ ಔಷಧಿ ಇಲ್ಲ. ಆದರೂ ಒಳ್ಳೆಯದಕ್ಕೆ ಅಂತ ತಗೊಂಡದ್ದು ಔಷಧಿಯ ಕೈ ಕಟ್ಟಿಹಾಕಬಹುದು ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಎಡಗೈಬರಹ
ನಮ್ಮ ಅಮ್ಮನಿಗೂ ಬೆವಾಸಿಜುಮ್ಯಾಬ್ ನಡೆದಿತ್ತು. ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ರಕ್ತನಾಳ ಬೆಳೆಯುವುದನ್ನು ತಡೆಯುವುದು ಅಂದರೆ ಗಡ್ಡೆಯಲ್ಲಿ ಮಾತ್ರ ತಡೆಯುವುದಲ್ಲ. ಗಾಯ ಮಾಯುವುದಕ್ಕೂ ಹೊಸ ರಕ್ತನಾಳ ಬೇಕು. ಅಮ್ಮನಿಗೆ ಒಂದು ಆಪರೇಷನ್ ಆಗಬೇಕಿತ್ತು. ಕೊನೆಯ ಡೋಸ್ ಆಗಿ ಕಡೇಪಕ್ಷ 28 ದಿನ ಕಳೆಯಬೇಕು ಅಂತ ಕಾಯಿಸಿದರು. ಪ್ರತಿ ಸಲ ಡ್ರಿಪ್‌ಗೆ ಮುಂಚೆ ಬಿಪಿ ನೋಡುತ್ತಿದ್ದರು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತ ಪರೀಕ್ಷೆ ಮಾಡಿಸುತ್ತಿದ್ದರು. ಒಮ್ಮೆ ಬಿಪಿ ಜಾಸ್ತಿ ಇದೆ ಅಂತ ವಾಪಸ್ ಕಳಿಸಿದರು. ಮೂಗಿನಿಂದ ಆಗಾಗ ರಕ್ತ ಬರುತ್ತಿತ್ತು, ಹಲ್ಲುಜ್ಜುವಾಗ ವಸಡಿನಿಂದಲೂ.

ಹಾಗಾಗಿ "ಇವೂ ಅದೇ ಕೆಲಸ ಮಾಡುತ್ತವೆ, ತೊಂದರೆ ಇಲ್ಲ" ಅನ್ನೋ ಮಾತು ನನಗೆ ಅರ್ಥವೇ ಆಗುವುದಿಲ್ಲ. ಅದೇ ಕೆಲಸ ಮಾಡಿದರೆ ಅದೇ ತೊಂದರೆಯೂ ಬರಬೇಕು. ತೊಂದರೆ ಏನೂ ಇಲ್ಲ ಅಂದರೆ ಕೆಲಸವೂ ಅಷ್ಟಕ್ಕಷ್ಟೇ ಇರಬೇಕು.

ಮೂರನೇಸಾಲು
ಈ ಕೊನೆಯ ಎರಡು ಸಾಲನ್ನು ನಮ್ಮ ಮನೆಯ ಗ್ರೂಪಿಗೆ ಕಳಿಸುತ್ತೇನೆ.

ಹಗಲುಗನಸು
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ. ನಮ್ಮ ಸೋದರಮಾವನಿಗೆ ಕಣ್ಣಿನೊಳಗೆ ಬೆವಾಸಿಜುಮ್ಯಾಬ್ ಚುಚ್ಚಿದ್ದಾರೆ. ಅವರಿಗೆ ಕ್ಯಾನ್ಸರ್ ಇಲ್ಲ. ವಯಸ್ಸಾದವರ ಅಕ್ಷಿಪಟಲದ ತೊಂದರೆ. ಅದೇ ಔಷಧಿಯಾ?

ಗಾಜಿನತಟ್ಟೆ
ಅದೇ ಔಷಧಿ, ಬಹಳ ಸಣ್ಣ ಪ್ರಮಾಣ. ಆ ಕಾಯಿಲೆಯಲ್ಲಿ ಕಣ್ಣಿನ ಹಿಂಭಾಗದಲ್ಲಿ ಬೇಡದ ರಕ್ತನಾಳ ಬೆಳೆದು ಸೋರುತ್ತದೆ. ರಾನಿಬಿಜುಮ್ಯಾಬ್ ಅನ್ನೋ ಅದರ ಹತ್ತಿರದ ನೆಂಟ 2006ರಲ್ಲಿ ಕಣ್ಣಿಗೆಂದೇ ಅನುಮತಿ ಪಡೆಯಿತು. ನೀವು ಆಚೆ ಹೋಗಿಲ್ಲ, ಸರಿಯಾದ ಜಾಗಕ್ಕೇ ಬಂದಿದ್ದೀರಿ. ಕಣ್ಣಿನಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡುವುದಕ್ಕೆ ಒಂದು ಕಾರಣ, ಔಷಧಿಯನ್ನು ಬೇಕಾದ ಜಾಗಕ್ಕೇ ಬೇಕಾದಷ್ಟು ಇಡಬಹುದು. ಲಿವರ್‌ನಲ್ಲಿರುವ ಗಡ್ಡೆಗೆ ಬಾಯಿಯಿಂದ ನುಂಗಿದ ಕ್ಯಾಪ್ಸೂಲ್ ಹಾಗೆ ತಲುಪುವುದಿಲ್ಲ.

ಬೇರುಬಿಳಲು
ಆದರೆ ಗ್ರೀನ್ ಟೀ ಇಲಿಗಳು ಬಾಯಿಯಿಂದಲೇ ಕುಡಿದವು, ಕಣ್ಣಿನಲ್ಲಿ ಪರಿಣಾಮ ಕಂಡಿತು. ಅವುಗಳ ರಕ್ತದಲ್ಲಿದ್ದ ಪ್ರಮಾಣ ಮನುಷ್ಯರು ಎರಡು ಮೂರು ಕಪ್ ಕುಡಿದರೆ ಬರುವಷ್ಟೇ. ಇದಕ್ಕೆ ಉತ್ತರ ಬೇಕು.

ಗಾಜಿನತಟ್ಟೆ
ಒಳ್ಳೆಯ ಪ್ರಶ್ನೆ. ಆ ಪ್ರಯೋಗ ನನಗೂ ಇಷ್ಟ. ಅಲ್ಲಿ ಮಾಡಿದ್ದು ಇಲಿಯ ಕಾರ್ನಿಯಾದೊಳಗೆ ವಿಇಜಿಎಫ್ ಇರುವ ಪುಟ್ಟ ಗುಳಿಗೆ ಇಟ್ಟು, ಅದರ ಕಡೆಗೆ ರಕ್ತನಾಳ ಎಷ್ಟು ಬೆಳೆಯುತ್ತದೆ ಅಂತ ನೋಡಿದ್ದು. ಅಂದರೆ ಒಂದೇ ಸಂಕೇತ, ಗೊತ್ತಿರುವ ಪ್ರಮಾಣ, ಆರೋಗ್ಯವಾದ ಕಣ್ಣು. ಗಡ್ಡೆ ಹಾಗಲ್ಲ. ವಿಇಜಿಎಫ್ ತಡೆದರೆ ಎಫ್‌ಜಿಎಫ್ ಅನ್ನುವ ಇನ್ನೊಂದು ಸಂಕೇತದ ಮೂಲಕ ರಕ್ತನಾಳವನ್ನು ಕರೆಯುತ್ತದೆ. ಅದೂ ಆಗದಿದ್ದರೆ ಅಕ್ಕಪಕ್ಕದ ಹಳೆಯ ರಕ್ತನಾಳವನ್ನೇ ಸುತ್ತಿಕೊಂಡು ಬೆಳೆಯುತ್ತದೆ. ಬೆವಾಸಿಜುಮ್ಯಾಬ್‌ನಂಥ ಗಟ್ಟಿ ಔಷಧಿಯೇ ಎಷ್ಟು ಕೊಟ್ಟಿತು ನೋಡಿ. 2004ರಲ್ಲಿ ಅನುಮತಿ ಸಿಗಲು ಕಾರಣವಾದ ಕರುಳಿನ ಕ್ಯಾನ್ಸರ್ ಅಧ್ಯಯನದಲ್ಲಿ, ಬರೀ ಕೀಮೋ ತಗೊಂಡವರ ಮಧ್ಯಾಂಕ ಬದುಕು (ಅರ್ಧದಷ್ಟು ಜನ ಬದುಕಿದ್ದ ಅವಧಿ) 15.6 ತಿಂಗಳು, ಇದನ್ನೂ ಸೇರಿಸಿದವರದು 20.3 ತಿಂಗಳು. ಆ ತಿಂಗಳುಗಳು ಬಹಳ ಅಮೂಲ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಡ್ಡೆ ಹಸಿವಿನಿಂದ ಒಣಗಿಹೋಗಲಿಲ್ಲ. ಸ್ತನ ಕ್ಯಾನ್ಸರ್‌ಗೆ 2008ರಲ್ಲಿ ಕೊಟ್ಟ ಅನುಮತಿಯನ್ನು ಅಮೆರಿಕ 2011ರಲ್ಲಿ ವಾಪಸ್ ಪಡೆಯಿತು. ಬದುಕು ಉದ್ದವಾಗುವುದು ಕಾಣಲಿಲ್ಲ ಅಂತ.

ಎಡಗೈಬರಹ
"ಗಡ್ಡೆಯನ್ನು ಉಪವಾಸ ಕೆಡವುತ್ತದೆ" ಅಂತಲೇ ನಮಗೂ ಹೇಳಿದ್ದರು. ಹಾಗಲ್ವಾ?

ಗಾಜಿನತಟ್ಟೆ
ಅರ್ಧ ಕಥೆ. ಗಡ್ಡೆಯ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದಿರುತ್ತವೆ, ಸೋರುತ್ತವೆ. ಸೋರಿದ ದ್ರವದಿಂದ ಒಳಗೆ ಒತ್ತಡ ಏರಿ ಕೀಮೋ ಔಷಧಿ ಒಳಗೆ ಹೋಗುವುದೇ ಕಷ್ಟ. 2001ರಲ್ಲಿ ಗಡ್ಡೆಯ ರಕ್ತನಾಳಗಳ ಸಂಶೋಧಕ ರಾಕೇಶ್ ಜೈನ್ ಒಂದು ಬೇರೆ ವಿಚಾರ ಮುಂದಿಟ್ಟರು. ವಿಇಜಿಎಫ್ ತಡೆದಾಗ ಸೊಟ್ಟಪಟ್ಟ ನಾಳಗಳು ಉದುರಿ, ಉಳಿದವು ಸ್ವಲ್ಪ ಕಾಲ ನೆಟ್ಟಗಾಗುತ್ತವೆ. ಆ ಹೊತ್ತಿನಲ್ಲಿ ಕೀಮೋ ಚೆನ್ನಾಗಿ ಒಳಗೆ ಇಳಿಯುತ್ತದೆ ಅಂತ. ಹಾಗಿದ್ದರೆ ಜಾಸ್ತಿ ತಡೆದಷ್ಟೂ ಒಳ್ಳೆಯದು ಅನ್ನುವ ಲೆಕ್ಕವೇ ತಪ್ಪು. ವಿಪರೀತ ತಡೆದರೆ ಕೀಮೋ ಹೋಗುವ ದಾರಿಯೂ ಮುಚ್ಚುತ್ತದೆ. ಆಮ್ಲಜನಕ ಸಿಗದ ಕೋಶ ಇನ್ನಷ್ಟು ಹಠಮಾರಿಯಾಗುತ್ತದೆ. ಒಟ್ಟಿಗೆ ತಗೊಂಡರೆ ಲಾಭ ಜಾಸ್ತಿಯಾ ಅನ್ನುವ ತಿಳಿನೀರು ಅವರ ಎರಡನೇ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಮೂರನೇಸಾಲು
ಶಾರ್ಕ್ ಮೃದ್ವಸ್ಥಿ ಮಾತ್ರೆ ನೆನಪಿದೆಯಾ ಯಾರಿಗಾದರೂ? ಅದೂ ಇದೇ ಕಥೆ. ಮೃದ್ವಸ್ಥಿಯಲ್ಲಿ ರಕ್ತನಾಳ ಇರುವುದಿಲ್ಲ, ಅದರಲ್ಲಿ ತಡೆಯುವ ಅಂಶ ಇದೆ ಅಂತ 1983ರಲ್ಲಿ ತೋರಿಸಿದ್ದರು, ಅದು ಸರಿಯೇ. ಪುಡಿ ಮಾಡಿ ಮಾರುವವರು ಹುಟ್ಟಿಕೊಂಡರು. ಕೊನೆಗೆ ಶ್ವಾಸಕೋಶದ ಕ್ಯಾನ್ಸರ್ ಇರುವ 379 ಜನರಲ್ಲಿ ಶಾರ್ಕ್ ಮೃದ್ವಸ್ಥಿಯ ಸತ್ವ ಪರೀಕ್ಷಿಸಿದಾಗ ಬದುಕು ಒಂದಿಷ್ಟೂ ಉದ್ದವಾಗಲಿಲ್ಲ. ಈ ನಡುವೆ ಎಷ್ಟು ಜನ ದುಡ್ಡು, ಸಮಯ ಕಳೆದುಕೊಂಡರೋ.

ಬೇರುಬಿಳಲು
ಶಾರ್ಕ್ ಗಿಡವಲ್ಲ. ಗಿಡಗಳ ಕಡೆಗೆ ಬನ್ನಿ. ನಿತ್ಯಪುಷ್ಪದಿಂದ ವಿನ್‌ಬ್ಲಾಸ್ಟಿನ್ ಅನ್ನುವ ಕ್ಯಾನ್ಸರ್ ಔಷಧಿ ಬಂತು. ಯೂ ಮರದ ತೊಗಟೆಯಿಂದ ಪ್ಯಾಕ್ಲಿಟ್ಯಾಕ್ಸೆಲ್ ಬಂತು, 1992ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ ಅನುಮತಿ ಸಿಕ್ಕಿತು. ಇವೆರಡೂ ಕಡಿಮೆ ಡೋಸಿನಲ್ಲಿ ರಕ್ತನಾಳ ಬೆಳೆಯುವುದನ್ನೂ ತಡೆಯುತ್ತವೆ. ದಕ್ಷಿಣ ಆಫ್ರಿಕಾದ ಒಂದು ಮರದಿಂದ ಕಾಂಬ್ರೆಟಾಸ್ಟಾಟಿನ್ ಬಂತು. ಗಿಡದಲ್ಲಿ ಶಕ್ತಿ ಇಲ್ಲ ಅಂತ ಯಾರು ಹೇಳಬಲ್ಲರು?

ಗಾಜಿನತಟ್ಟೆ
ನಾನಂತೂ ಹೇಳುವುದಿಲ್ಲ. ಕಾಂಬ್ರೆಟಾಸ್ಟಾಟಿನ್ ಹೆಸರು ತಂದದ್ದಕ್ಕೆ ಖುಷಿಯಾಯಿತು. ಅದು ಹೊಸ ನಾಳ ತಡೆಯುವುದಕ್ಕಿಂತ ಹೆಚ್ಚಾಗಿ, ಈಗಾಗಲೇ ಇರುವ ಗಡ್ಡೆಯ ನಾಳಗಳನ್ನು ಕೆಲವೇ ಗಂಟೆಗಳಲ್ಲಿ ಕುಸಿಯುವ ಹಾಗೆ ಮಾಡುತ್ತದೆ. ಗಡ್ಡೆಯ ನಡುಭಾಗ ಸಾಯುತ್ತದೆ. ಆದರೆ ಅಂಚಿನ ಕೋಶಗಳು ಪಕ್ಕದ ಒಳ್ಳೆಯ ನಾಳಗಳಿಂದ ಆಮ್ಲಜನಕ ಎಳೆದುಕೊಂಡು ಬದುಕುತ್ತವೆ, ಅಲ್ಲಿಂದ ಮತ್ತೆ ಬೆಳೆಯುತ್ತವೆ. ಅಷ್ಟು ಬಲವಾದ ವಸ್ತುವೇ ಆ ಅಂಚನ್ನು ದಾಟಲು ಒದ್ದಾಡಿದೆ.

ಇನ್ನೊಂದು ಮಾತು. ಚಿಕ್ಕಮ್ಮನ ಡ್ರಿಪ್‌ನಲ್ಲಿ ಗಿಡದ ಔಷಧಿ ಈಗಾಗಲೇ ಇದೆ. ಇರಿನೊಟೆಕಾನ್‌ನ ಮೂಲ ಕ್ಯಾಂಪ್ಟೊಥೆಸಿನ್. 1966ರಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಅದನ್ನು ಚೀನಾ ಮೂಲದ ಒಂದು ಮರದಿಂದ ಬೇರ್ಪಡಿಸಿದರು. ಎಪ್ಪತ್ತರ ದಶಕದಲ್ಲಿ ಅದನ್ನೇ ಜನರಿಗೆ ಕೊಟ್ಟಾಗ ಮೂತ್ರಕೋಶದಿಂದ ರಕ್ತ ಹೋಗಲು ಶುರುವಾಗಿ ನಿಲ್ಲಿಸಬೇಕಾಯಿತು. ಆಮೇಲೆ ಅದರ ರಚನೆ ಬದಲಿಸಿ, ನೀರಿನಲ್ಲಿ ಕರಗುವ ಹಾಗೆ ಮಾಡಿ, ಡೋಸ್ ಗೊತ್ತು ಮಾಡಿದರು. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1996ರಲ್ಲಿ. ನಡುವೆ 30 ವರ್ಷ. ಆ 30 ವರ್ಷದ ಕೆಲಸ ಕರ್ಕ್ಯುಮಿನ್‌ಗೆ ಇನ್ನೂ ಮುಗಿದಿಲ್ಲ. ಅದಕ್ಕೆ ಪ್ರಯತ್ನ ಪಡುತ್ತಿರುವವರ ಮೇಲೆ ನನಗೆ ಗೌರವ ಇದೆ. ಕೆಲಸ ಮುಗಿದಿದೆ ಅಂತ ಡಬ್ಬಿಯಲ್ಲಿ ತುಂಬಿ ಮಾರುವವರ ಮೇಲೆ ಸಿಟ್ಟಿದೆ.

ಹಗಲುಗನಸು
ಚಿಕ್ಕಮ್ಮನಿಗೆ ಇದನ್ನು ಹೇಳಿ. "ನಿಮಗೆ ಗಿಡದ ಔಷಧಿಯೇ ಕೊಡುತ್ತಿದ್ದಾರೆ" ಅಂದರೆ ಸಂಬಂಧಿಕರಿಗೂ ಸಮಾಧಾನ.

ತಿಳಿನೀರು
ಹೇಳಿದೆ. ಡಾಕ್ಟರ್ ಹತ್ತಿರ ಎರಡೂ ಡಬ್ಬಿ ತಗೊಂಡು ಹೋಗಿದ್ದೆವು. ಬೈಯುತ್ತಾರೆ ಅಂತ ಚಿಕ್ಕಮ್ಮ ಹೆದರಿದ್ದರು. ಅವರು ಬೈಯಲಿಲ್ಲ, ಲೇಬಲ್ ಓದಿದರು. ಕೀಮೋ ಮುಗಿಯುವವರೆಗೆ ಎರಡೂ ಬೇಡ ಅಂದರು. ಲಿವರ್ ರಿಪೋರ್ಟ್ ಏರುಪೇರಾದರೆ ಕಾರಣ ಕೀಮೋನಾ, ಗಡ್ಡೆನಾ, ಮಾತ್ರೆನಾ ಅಂತ ತಮಗೇ ಗೊತ್ತಾಗುವುದಿಲ್ಲ ಅಂದರು. ಆ ಕಾರಣ ನಮ್ಮೆಲ್ಲರಿಗೂ ಸರಿ ಅನ್ನಿಸಿತು. ಅಡುಗೆಗೆ ಹಾಕುವ ಅರಿಶಿನದ ಬಗ್ಗೆ ಕೇಳಿದೆ, ಅದಕ್ಕೆ ಅಡ್ಡಿ ಇಲ್ಲವಂತೆ.

ಮಾತ್ರೆಡಬ್ಬಿ
ಒಳ್ಳೆಯದಾಯಿತು. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ಶೇಕಡ 3ರ ಆಸುಪಾಸು. ಡಬ್ಬಿಗಳನ್ನು ತೋರಿಸಿದ್ದು ಅತ್ಯಂತ ಒಳ್ಳೆಯ ಕೆಲಸ. ಬಹಳ ಜನ ಮುಚ್ಚಿಡುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ಏನಾದರೂ ಇದ್ದರೆ ಅದನ್ನೂ ಡಾಕ್ಟರಿಗೆ ನೆನಪಿಸಿ.

ಎಡಗೈಬರಹ
ಮನೆಯಲ್ಲೇ ಬಿಪಿ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ. ಹೊಟ್ಟೆಯಲ್ಲಿ ಇದ್ದಕ್ಕಿದ್ದ ಹಾಗೆ ಜೋರು ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಈ ಔಷಧಿಯಿಂದ ಅಪರೂಪಕ್ಕೆ ಕರುಳು ತೂತಾಗುವುದುಂಟು.

ಬೇರುಬಿಳಲು
ಚಿಕ್ಕಮ್ಮನ ವಿಷಯದಲ್ಲಿ ನನಗೂ ತಕರಾರಿಲ್ಲ. ಆದರೆ ಗಾಜಿನತಟ್ಟೆ ಅವರೇ, ಒಂದು ಕೊನೆಯ ಪ್ರಶ್ನೆ. ಗಿಡದ ಸಂಯುಕ್ತ ಮನುಷ್ಯರಲ್ಲಿ ಗಡ್ಡೆಯ ರಕ್ತನಾಳವನ್ನು ನಿಜಕ್ಕೂ ತಡೆಯಿತು ಅಂತ ನೀವು ಒಪ್ಪಬೇಕಾದರೆ ಏನು ನೋಡಬೇಕು? ಗುರಿಕಂಬವನ್ನು ದಿನಾ ದೂರ ಸರಿಸುವುದು ಬೇಡ, ಈಗಲೇ ಹೇಳಿಬಿಡಿ.

ಗಾಜಿನತಟ್ಟೆ
ಹೇಳುತ್ತೇನೆ, ಸರಿಸುವುದಿಲ್ಲ. ಕೊಟ್ಟ ವಸ್ತು ಶುದ್ಧವಾಗಿರಬೇಕು, ಪ್ರಮಾಣ ಗೊತ್ತಿರಬೇಕು. ಆಪರೇಷನ್‌ಗೆ ಕಾಯುತ್ತಿರುವ, ಒಪ್ಪಿಗೆ ಕೊಟ್ಟವರಲ್ಲಿ ಕೆಲವರಿಗೆ ಅದನ್ನು, ಕೆಲವರಿಗೆ ನೋಡಲು ಅದೇ ಥರ ಇರುವ ಖಾಲಿ ಮಾತ್ರೆಯನ್ನು ಕೊಡಬೇಕು. ಯಾರಿಗೆ ಯಾವುದು ಅಂತ ರೋಗಿಗೂ ಡಾಕ್ಟರಿಗೂ ಗೊತ್ತಿರಬಾರದು. ಮೊದಲು ಮತ್ತು ಆಮೇಲೆ ಎಂಆರ್‌ಐನಲ್ಲಿ ಬಣ್ಣದ್ರವ ಗಡ್ಡೆಯೊಳಗೆ ಎಷ್ಟು ಬೇಗ ಹೋಗಿ ಎಷ್ಟು ಸೋರುತ್ತದೆ ಅಂತ ಅಳೆಯಬೇಕು. ಆಪರೇಷನ್ ಆದ ಮೇಲೆ ತೆಗೆದ ಗಡ್ಡೆಯಲ್ಲೇ ಆ ಸಂಯುಕ್ತ ಎಷ್ಟಿತ್ತು ಅಂತ ನೋಡಬೇಕು, ರಕ್ತದಲ್ಲಿ ಮಾತ್ರ ನೋಡಿದರೆ ಸಾಲದು. ಅದೇ ತುಣುಕಿಗೆ ರಕ್ತನಾಳದ ಗೋಡೆಗೆ ಹತ್ತುವ ಬಣ್ಣ ಹಚ್ಚಿ ನಾಳಗಳನ್ನು ಎಣಿಸಬೇಕು. ಎಣಿಸುವವರಿಗೂ ಯಾವುದು ಯಾರದು ಅಂತ ಗೊತ್ತಿರಬಾರದು. ಇಷ್ಟರಲ್ಲಿ ವ್ಯತ್ಯಾಸ ಕಂಡರೆ ರಕ್ತನಾಳದ ಮಾತನ್ನು ಒಪ್ಪುತ್ತೇನೆ. ಜನ ಜಾಸ್ತಿ ದಿನ ಬದುಕುತ್ತಾರಾ ಅನ್ನೋದಕ್ಕೆ ಮಾತ್ರ ಇದಕ್ಕಿಂತ ದೊಡ್ಡ ಅಧ್ಯಯನ ಬೇರೆಯೇ ಬೇಕು.

ಬೇರುಬಿಳಲು
ನ್ಯಾಯವಾದ ಮಾತು. ಅಂಥದ್ದು ಎಲ್ಲಾದರೂ ಪ್ರಕಟವಾದರೆ ಇಲ್ಲೇ ಹಾಕುತ್ತೇನೆ, ಫಲಿತಾಂಶ ಯಾವ ಕಡೆ ಬಂದರೂ ಸರಿ.